ತೊದಲು ಹೆಜ್ಜೆ

ಮಾತಿನಲ್ಲಿ ತೊದಲುವುದುಂಟು; ನಡಿಗೆಯಲ್ಲಿಯೂ ಉಂಟು. ಓಡುತ್ತ ಬಂದ ಕಾಲು ಕ್ಷಣಕಾಲ ತಡೆದು, ಎರಡು ಮೂರು ಕಿರುಹೆಜ್ಜೆಗಳನ್ನು ಬೇಗಬೇಗನೆ ಇಟ್ಟು ಮತ್ತೆ ಮುನ್ನುಗ್ಗುವ ಚಲನೆಯನ್ನು ಇಂಗ್ಲಿಷಿನಲ್ಲಿ 'ಸ್ಟಟರ್ ಸ್ಟೆಪ್' ಎನ್ನುತ್ತಾರೆ. ನಾವು ಇದನ್ನು 'ತೊದಲು ಹೆಜ್ಜೆ' ಎಂದು ಕರೆಯೋಣ. ಮಳೆಗಾಲದಲ್ಲಿ ದಾರಿಗಡ್ಡವಾದ ನೀರಿನ ಕಾಲುವೆಯನ್ನು ಹಾರುವ ಮುನ್ನ ನಾವೆಲ್ಲರೂ ಇದನ್ನು ಅರಿಯದೆಯೇ ಇಡುತ್ತೇವೆ. ರೂಢಿಯ ಕಾಲು ಸರಿಯಾಗಿ ಅಂಚಿಗೆ ಬೀಳಲೆಂಬುದೇ ಅದರ ಉದ್ದೇಶ.

ಆಟದ ಬಯಲಿನಲ್ಲಿ ಇದಕ್ಕೆ ಎರಡು ಬಗೆ: ಬೇಕೆಂದೇ ಇಡುವುದು ಒಂದು, ಅಳತೆ ತಪ್ಪಿ ಇಡಬೇಕಾಗಿ ಬರುವುದು ಇನ್ನೊಂದು.

ಮೊದಲನೆಯದು ಜಾಣತನ. ಕಬಡ್ಡಿಯಲ್ಲಿ ದಾಳಿಗೆ ಹೋದವನು ಕಿರುಹೆಜ್ಜೆಗಳಲ್ಲಿ ಕುಣಿಯುವಾಗ ಅವನ ಮೈಭಾರ ಎರಡು ಕಾಲುಗಳ ನಡುವೆಯೇ ನಿಲ್ಲುತ್ತದೆ; ಆದುದರಿಂದ ಅವನು ಯಾವ ಕಡೆಗಾದರೂ ತಿರುಗಬಲ್ಲನು. ಆತುರಪಟ್ಟು ಒಂದು ಕಡೆಗೆ ವಾಲಿದ ಎದುರಾಳಿ ಮಾತ್ರ ಕೂಡಲೇ ಹಿಂದಿರುಗಲಾರನು. ಬ್ರೆಜಿಲಿನ ಪೆಲೆ 11 ಮೀಟರಿನ ಪೆನಾಲ್ಟಿ ಒದೆತದ ಮುನ್ನ ಹೀಗೆ ತಡೆದು, ಗೋಲುರಕ್ಷಕನನ್ನು ಮೊದಲೇ ಕದಲಿಸುತ್ತಿದ್ದರು. 2010ರಲ್ಲಿ ಫುಟ್‌ಬಾಲಿನ ನಿಯಮವನ್ನು ಸ್ಪಷ್ಟಗೊಳಿಸಲಾಯಿತು: ಓಡಿ ಬರುವಾಗ ತಡೆಯಬಹುದು, ಓಟ ಮುಗಿದ ಮೇಲೆ ಒದೆಯುವಂತೆ ನಟಿಸಿದರೆ ಹಳದಿ ಚೀಟಿ.

ಎರಡನೆಯದು ಹರ್ಡಲ್ ಓಟದಲ್ಲಿಯೂ ಉದ್ದ ಜಿಗಿತದಲ್ಲಿಯೂ ಕಾಣುತ್ತದೆ. 400 ಮೀಟರ್ ಓಟದಲ್ಲಿ 10 ಹರ್ಡಲುಗಳು. ಒಂದರಿಂದ ಇನ್ನೊಂದಕ್ಕೆ 35 ಮೀಟರ್. ದಣಿದಂತೆ ಹೆಜ್ಜೆ ಕುಗ್ಗುತ್ತದೆ, ಲೆಕ್ಕ ತಪ್ಪುತ್ತದೆ, ಹರ್ಡಲಿನ ಎದುರು ಕಾಲು ತೊದಲುತ್ತದೆ, ವೇಗ ಬೀಳುತ್ತದೆ. ಅಮೆರಿಕದ ಎಡ್ವಿನ್ ಮೋಸೆಸ್ ಪ್ರತಿಯೊಂದು ಅಂತರವನ್ನೂ 13 ಹೆಜ್ಜೆಗಳಲ್ಲಿ ಮುಗಿಸುವುದನ್ನು ಸಾಧಿಸಿ, 1977ರಿಂದ 1987ರವರೆಗೆ ಸತತ 122 ಓಟಗಳಲ್ಲಿ ಸೋಲನ್ನು ಕಾಣಲಿಲ್ಲ. ಇದೇ ಓಟದಲ್ಲಿ ಎಷ್ಟು ಅಲ್ಪಕಾಲವೂ ಬೆಲೆಯುಳ್ಳದ್ದೆಂಬುದಕ್ಕೆ ಕೇರಳದ ಪಿ. ಟಿ. ಉಷಾ ಅವರೇ ಸಾಕ್ಷಿ: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸೆಕೆಂಡಿನ 100ರಲ್ಲಿ ಒಂದು ಪಾಲಿನಿಂದ ಅವರಿಗೆ ಕಂಚು ತಪ್ಪಿತು.

ಉದ್ದ ಜಿಗಿತದ ಹಲಗೆಯ ಅಗಲ ಕೇವಲ 20 ಸೆಂಟಿಮೀಟರ್. 1982ರಲ್ಲಿ ಡೇವಿಡ್ ಲೀ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಒಂದು ಸ್ವಾರಸ್ಯವನ್ನು ತಿಳಿಸಿತು. ನುರಿತ ಜಿಗಿತಗಾರರ ಓಟದಲ್ಲಿಯೂ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತ ಬರುತ್ತವೆ. ಕೊನೆಯ ಕೆಲವು ಹೆಜ್ಜೆಗಳಲ್ಲಿ ಕಣ್ಣು ಹಲಗೆಯನ್ನು ನೋಡಿ ಅವನ್ನು ಸರಿಪಡಿಸುತ್ತದೆ. ನುರಿತವರಲ್ಲಿ ಈ ತಿದ್ದುಪಡಿ ಹಲವು ಹೆಜ್ಜೆಗಳಿಗೆ ಹಂಚಿಹೋಗುವುದರಿಂದ ನೋಡುವವರಿಗೆ ತಿಳಿಯದು. ಕಲಿಯುವ ಮಗುವಿನಲ್ಲಿ ಅದೆಲ್ಲವೂ ಹಲಗೆಯ ಬಳಿಯಲ್ಲೇ ಒಟ್ಟಾಗಿ, ತೊದಲಾಗಿ ತೋರುತ್ತದೆ.

ಉಪಾಧ್ಯಾಯ ಬಂಧುಗಳು ಗಮನಿಸಬೇಕಾದುದು ಇಲ್ಲಿಯೇ. ಹಲಗೆಯ ಮುಂದೆ ತಡೆದ ಮಗುವನ್ನು 'ಹೆದರುಪುಕ್ಕಲ' ಎಂದು ನಗುವುದು ಶಾಲೆಯ ಬಯಲಿನಲ್ಲಿ ಅಪರೂಪವಲ್ಲ. ಹಾಗೆ ಒಮ್ಮೆ ನಗೆಗೀಡಾದ ಮಗು ಮತ್ತೆ ಬಯಲಿಗಿಳಿಯದೆಯೂ ಹೋಗಬಹುದು. ಎಷ್ಟೋ ವೇಳೆ ತಪ್ಪು ಧೈರ್ಯದ್ದಲ್ಲ, ಅಳತೆಯದು. ಕಾಲು ಹಲಗೆಯನ್ನು ಒಂದು ಗೇಣು ದಾಟಿ ಬೀಳುತ್ತಿದ್ದರೆ ಓಟದ ಆರಂಭದ ಗುರುತನ್ನು ಒಂದು ಗೇಣು ಹಿಂದಕ್ಕೆ ಸರಿಸಬೇಕು. ಮುಟ್ಟದೆ ಉಳಿದರೆ ಅಷ್ಟೇ ಮುಂದಕ್ಕೆ. ಹರ್ಡಲುಗಳನ್ನು ಮಕ್ಕಳ ಹೆಜ್ಜೆಗೆ ತಕ್ಕಷ್ಟು ಹತ್ತಿರ ನಿಲ್ಲಿಸಿ, ಎರಡು ಕಾಲುಗಳಿಂದಲೂ ದಾಟಲು ಅಭ್ಯಾಸ ಮಾಡಿಸಬೇಕು. ಇದಕ್ಕೆ ಬೇಕಾದುದು ಒಂದು ಸುಣ್ಣದ ಗೆರೆ, ಸ್ವಲ್ಪ ತಾಳ್ಮೆ. ಇಷ್ಟಾದ ಮೇಲೂ ಮಗು ತಡೆದರೆ ಆಗ ಭಯದ ಮಾತನ್ನು ವಿಚಾರಿಸಬಹುದು. ಅದಕ್ಕೆ ಮೊದಲು ಬೇಡ.