ಮುಖದ ಬಂಗು: ಯಾವ ಕ್ರೀಮ್, ಎಷ್ಟು ದಿನ?

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯ ಸುತ್ತಲಿನ ತೊಗರಿ, ಜೋಳದ ಹೊಲಗಳಲ್ಲಿ ದುಡಿಯುವ ಮಹಿಳೆಯರಿಗೂ, ನಮ್ಮ ಕರಾವಳಿಯಲ್ಲಿ ಮೀನು ಒಣಗಿಸುವ ಮಹಿಳೆಯರಿಗೂ ಬಿಸಿಲು ತಪ್ಪಿದ್ದಲ್ಲ. ಕೆನ್ನೆ, ಹಣೆ, ಮೂಗು ಹಾಗೂ ಮೇಲ್ದುಟಿಯ ಮೇಲೆ ಕಂದು ಕಲೆಗಳು ಹರಡುವುದನ್ನು ನಾವು 'ಬಂಗು' ಎನ್ನುತ್ತೇವೆ. ವೈದ್ಯರು ಇದನ್ನು ಮೆಲಾಸ್ಮಾ ಎಂದು ಕರೆಯುತ್ತಾರೆ. ಇದು ಅಂಟುರೋಗವಲ್ಲ, ಜೀವಕ್ಕೆ ಅಪಾಯವೂ ಇಲ್ಲ. ಬಿಸಿಲು, ಗರ್ಭಾವಸ್ಥೆ, ಗರ್ಭನಿರೋಧಕ ಮಾತ್ರೆ ಮತ್ತು ವಂಶಪಾರಂಪರ್ಯ ಇದರ ಮುಖ್ಯ ಕಾರಣಗಳು. ಪುರುಷರಲ್ಲಿಯೂ ಇದು ಕಂಡುಬರುತ್ತದೆ.

ಬಂಗಿಗಿಂತ ಹೆಚ್ಚು ಹಾನಿ ಮಾಡುವುದು ವೈದ್ಯರನ್ನು ಕೇಳದೆ ಹಚ್ಚುವ ಕ್ರೀಮ್. ಆದ್ದರಿಂದ ಬಳಕೆಯಲ್ಲಿರುವ ಕ್ರೀಮ್‌ಗಳ ಗುಣದೋಷಗಳನ್ನು ಹೋಲಿಸಿ ನೋಡೋಣ.

ಹೈಡ್ರೋಕ್ವಿನೋನ್: ಚರ್ಮದ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಸಾಮಾನ್ಯವಾಗಿ ಶೇ. 2ರಿಂದ 4ರ ಪ್ರಮಾಣದಲ್ಲಿರುತ್ತದೆ. ಫಲಿತಾಂಶ ಒಳ್ಳೆಯದು. ಆದರೆ ವರ್ಷಗಟ್ಟಲೆ ಹಚ್ಚಿದರೆ ಚರ್ಮ ನೀಲಿಗಪ್ಪಾಗಬಹುದು. ಆ ಕಲೆಯನ್ನು ತೆಗೆಯುವುದು ಬಂಗಿಗಿಂತಲೂ ಕಷ್ಟ.

ಮೂರು ಔಷಧಗಳ ಮಿಶ್ರಣ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟಿರಾಯ್ಡ್ ಸೇರಿದ ಕ್ರೀಮ್. ಇಂತಹ ಮಿಶ್ರಣವನ್ನು 1975ರಲ್ಲಿ ಅಮೆರಿಕದ ಚರ್ಮತಜ್ಞ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದರು. ಬೇಗ ಗುಣ ಕಾಣುವುದು ಇದರಿಂದಲೇ. ಆದರೆ ಇದು ಕೆಲವೇ ವಾರಗಳ ಚಿಕಿತ್ಸೆ, ದಿನನಿತ್ಯದ ಸೌಂದರ್ಯವರ್ಧಕವಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯ್ಡ್‌ನಿಂದ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟ ಕೂಡಲೇ ಉರಿ ಹೆಚ್ಚುವುದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ.

ಅಜೆಲಾಯಿಕ್ ಆಮ್ಲ: ಶೇ. 20ರ ಕ್ರೀಮ್. ಗುಣ ನಿಧಾನ, ಕೆಲವು ತಿಂಗಳು ಬೇಕು. ಆರಂಭದಲ್ಲಿ ಸ್ವಲ್ಪ ತುರಿಕೆ, ಉರಿ ಇರಬಹುದು. ಆದರೆ ಚರ್ಮ ತೆಳುವಾಗುವುದಿಲ್ಲ. ಗರ್ಭಿಣಿಯರು ಮೇಲಿನ ಎರಡನ್ನೂ ಬಳಸಬಾರದು. ಅಗತ್ಯವಿದ್ದರೆ ವೈದ್ಯರು ಅವರಿಗೆ ಸೂಚಿಸಬಹುದಾದದ್ದು ಇದು. ಹೆರಿಗೆಯ ನಂತರ ಎಷ್ಟೋ ಜನರಲ್ಲಿ ಬಂಗು ತಾನಾಗಿಯೇ ತಿಳಿಯಾಗುತ್ತದೆ.

ಕೋಜಿಕ್ ಆಮ್ಲದ ಕ್ರೀಮ್‌ಗಳೂ ಇವೆ. ಅವುಗಳ ಪರಿಣಾಮ ಸೌಮ್ಯ.

ಯಾವ ಕ್ರೀಮ್ ಹಚ್ಚಿದರೂ ಬಿಸಿಲಿನಿಂದ ರಕ್ಷಣೆ ಇಲ್ಲದಿದ್ದರೆ ಬಂಗು ಮರಳಿ ಬರುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬೇಕು. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಅದನ್ನು ಕೊಳ್ಳಲಾಗದವರಿಗೆ ಅಗಲ ಅಂಚಿನ ಟೋಪಿ, ಕೊಡೆ, ತಲೆಯ ಮೇಲಿನ ಸೆರಗು ಸಹ ಉಪಕಾರಿ.

ಇನ್ನೊಂದು ಎಚ್ಚರಿಕೆ. ತಯಾರಕರ ಹೆಸರು, ಅಂಶಗಳ ಪಟ್ಟಿ ಇಲ್ಲದ 'ಬಿಳಿಯಾಗಿಸುವ' ಕ್ರೀಮ್‌ಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಮ್ ಬಳಸಿದವರ ಮೂತ್ರಪಿಂಡಗಳಿಗೆ ಹಾನಿಯಾದದ್ದು ಬೆಳಕಿಗೆ ಬಂತು.

ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ ಹಲವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದೆ. ಆದ್ದರಿಂದ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಬದಲು ಸರಕಾರಿ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗುವುದು ಒಳಿತು. ಈಗಾಗಲೇ ತಿಂಗಳುಗಳಿಂದ ಸ್ಟಿರಾಯ್ಡ್ ಕ್ರೀಮ್ ಹಚ್ಚುತ್ತಿರುವವರು ಟ್ಯೂಬನ್ನು ಎಸೆಯದೆ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಬಿಡಬೇಕು.

ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಗಳ ಪ್ರತಿನಿಧಿಗಳು ಮತ್ತು ಆರೋಗ್ಯ ಸೇವೆಯಲ್ಲಿರುವ ಧರ್ಮಭಗಿನಿಯರು ಮುಂದಿನ ಸಭೆಯಲ್ಲಿ ಈ ವಿಷಯ ಪ್ರಸ್ತಾಪಿಸಿದರೆ ಅನೇಕರಿಗೆ ನೆರವಾದೀತು. ಮದುವೆಯ ಮಾತುಕತೆಗೆ ಮುನ್ನ ಹೆಣ್ಣುಮಕ್ಕಳ ಮೇಲೆ ಬಣ್ಣದ ಒತ್ತಡ ಹೇರುವುದನ್ನು ನಮ್ಮ ಮನೆಗಳಲ್ಲಿಯೇ ನಿಲ್ಲಿಸಿದರೆ, ಇಂತಹ ಕ್ರೀಮ್‌ಗಳಿಗೆ ಗಿರಾಕಿಗಳೂ ಕಡಿಮೆಯಾಗುವರು.