ಹಳೆಯ ನಾಯಕನಿಗೆ ಹೊಸ ಕಾರು

1962ರಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಗಾಗಿ ‘ದಿ ಸೇಂಟ್’ ಧಾರಾವಾಹಿ ಸಿದ್ಧವಾಗುತ್ತಿದ್ದಾಗ ನಿರ್ಮಾಪಕರ ಕಣ್ಣು ಬಿದ್ದದ್ದು ಜಾಗ್ವಾರ್ ಇ-ಟೈಪ್ ಮೇಲೆ. ಹಿಂದಿನ ವರ್ಷವಷ್ಟೇ ಜಿನೀವಾ ಪ್ರದರ್ಶನದಲ್ಲಿ ತೆರೆ ಸರಿಸಿಕೊಂಡು ಬಂದಿದ್ದ ಆ ಕಾರಿಗೆ ಆಗಲೇ ಬೇಡಿಕೆ ಏರಿತ್ತು. ಧಾರಾವಾಹಿಯ ಪ್ರಚಾರ ಜಾಗ್ವಾರ್ ಕಂಪನಿಗೆ ಬೇಕಿರಲಿಲ್ಲ, ಕಾರು ಕೊಡಲಿಲ್ಲ. ಕೊಟ್ಟದ್ದು ಸ್ವೀಡನ್ನಿನ ವೋಲ್ವೊ. ಸಂಸಾರಸ್ಥರ ಗಟ್ಟಿಮುಟ್ಟಾದ ಗಾಡಿಗಳಿಗೆ ಹೆಸರಾಗಿದ್ದ ಆ ಕಂಪನಿ ಆಗತಾನೇ ಪಿ1800 ಎಂಬ ಎರಡು ಬಾಗಿಲಿನ ಚೆಂದದ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಹಾಗೆ ಸಿಕ್ಕಿದ ಬಿಳಿ ಪಿ1800ರಲ್ಲಿ ನಾಯಕನ ಪಾತ್ರದ ರೋಜರ್ ಮೂರ್ ಏಳು ವರ್ಷ ಓಡಾಡಿದರು. 118 ಕಂತು ಮುಗಿಯುವ ಹೊತ್ತಿಗೆ, ಆ ಕಾರಿಲ್ಲದೆ ಕಥಾನಾಯಕ ಸೈಮನ್ ಟೆಂಪ್ಲರ್‌ನನ್ನು ನೆನೆಯುವುದೇ ಕಷ್ಟ ಎನ್ನುವಂತಾಯಿತು.

ಲೆಸ್ಲಿ ಚಾರ್ಟರಿಸ್ ಬರೆದ ಮೂಲ ಕಥೆಗಳಲ್ಲಿ ಟೆಂಪ್ಲರ್ ಓಡಿಸುವುದು ಹಿರೊಂಡೆಲ್ ಎಂಬ ಕಾರು. ಅಂಥ ಕಾರನ್ನು ಯಾರೂ ತಯಾರಿಸಿರಲಿಲ್ಲ, ಅದು ಲೇಖಕರ ಕಲ್ಪನೆ. ಎಂದರೆ ವೋಲ್ವೊ ಪುಸ್ತಕದಲ್ಲೂ ಇರಲಿಲ್ಲ, ನಿರ್ಮಾಪಕರ ಮೊದಲ ಆಸೆಯೂ ಆಗಿರಲಿಲ್ಲ. ಆದರೂ ಅದು ಟೆಂಪ್ಲರ್‌ಗೆ ಹೇಳಿ ಮಾಡಿಸಿದಂತೆ ಒಪ್ಪಿತು. ಕೊಬ್ಬಿದ ಕೇಡಿಗರನ್ನು ದೋಚುವ ಈ ಸಭ್ಯ ಕಳ್ಳನಿಗೆ ಬೇಕಾಗಿದ್ದದ್ದು ನೋಟಕ್ಕೆ ಸೊಗಸಾಗಿದ್ದೂ ಬೀದಿಯ ಜನರನ್ನೆಲ್ಲ ತನ್ನತ್ತ ತಿರುಗಿಸಿಕೊಳ್ಳದ ಗಾಡಿ. ಇ-ಟೈಪ್ ಸಿಕ್ಕಿದ್ದರೆ ಎಲ್ಲರೂ ಕಾರನ್ನೇ ನೋಡುತ್ತಿದ್ದರು. ಪಿ1800 ತನ್ನ ಮಾಲೀಕನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತಿತು. ಮಕ್ಕಳಿಗಾಗಿ ಕಾರ್ಗಿ ಕಂಪನಿ ತಂದ ಅಂಗೈಯಗಲದ ಆಟಿಕೆಯ ಬಾನೆಟ್ ಮೇಲೆ, ತಲೆಯ ಸುತ್ತ ಪ್ರಭಾವಳಿ ಹೊತ್ತ ಕಡ್ಡಿ ಮನುಷ್ಯನ ಚಿತ್ರವಿತ್ತು. ಟೆಂಪ್ಲರ್‌ನ ಆ ಗುರುತನ್ನು ಹೊತ್ತೇ ಪುಟ್ಟ ವೋಲ್ವೊ ಮನೆಮನೆಯ ನೆಲದ ಮೇಲೆ ಓಡಿತು.

ಇಂಥ ಧಾರಾವಾಹಿಯನ್ನು ಮೂವತ್ತು ವರ್ಷಗಳ ನಂತರ ಸಿನಿಮಾ ಮಾಡುವವರಿಗೆ ನಟನನ್ನು ಆರಿಸುವಷ್ಟೇ ಕಷ್ಟದ ಕೆಲಸ ಕಾರನ್ನು ಆರಿಸುವುದು. ಹಳೆಯದನ್ನೇ ತಂದರೆ ಕಥೆ ಹಳೆಯ ಕಾಲಕ್ಕೆ ಜಾರುತ್ತದೆ. ತೀರಾ ಬೇರೆಯದನ್ನು ತಂದರೆ ‘ಇವನು ನಮ್ಮವನಲ್ಲ’ ಎಂದು ನೋಡುಗ ಮುಖ ತಿರುಗಿಸುತ್ತಾನೆ.

1997ರಲ್ಲಿ ಫಿಲಿಪ್ ನಾಯ್ಸ್ ನಿರ್ದೇಶಿಸಿ ವಾಲ್ ಕಿಲ್ಮರ್ ನಟಿಸಿದ ‘ದಿ ಸೇಂಟ್’ ಚಿತ್ರದ ಮುಂದೆ ಎರಡು ದಾರಿಗಳಿದ್ದವು. 1978ರ ‘ರಿಟರ್ನ್ ಆಫ್ ದಿ ಸೇಂಟ್’ ಧಾರಾವಾಹಿಯ ಇಯಾನ್ ಒಗಿಲ್ವಿ ಓಡಿಸಿದ್ದು ಜಾಗ್ವಾರ್ ಎಕ್ಸ್‌ಜೆ-ಎಸ್. ಮೊದಲು ಒಲ್ಲೆನೆಂದ ಹೆಸರು ಹದಿನಾರು ವರ್ಷಗಳ ಬಳಿಕ ಟೆಂಪ್ಲರ್‌ನ ಮನೆ ಸೇರಿತ್ತು. ಅದನ್ನು ಮುಂದುವರಿಸಬಹುದಿತ್ತು. ಚಿತ್ರತಂಡ ಮರಳಿದ್ದು ವೋಲ್ವೊ ಬಳಿಗೆ. 1996ರ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಸಿ70 ಕೂಪೆ ಹೊಸ ಟೆಂಪ್ಲರ್‌ನ ಕಾರಾಯಿತು. ಈ ಆಯ್ಕೆ ಹೆಸರಿಗಷ್ಟೇ ನಿಷ್ಠವಾಗಿರಲಿಲ್ಲ. ಪೆಟ್ಟಿಗೆಯಂಥ ಕಾರುಗಳ ಕಂಪನಿ ಎಂದು ಜನ ಗುರುತಿಸುತ್ತಿದ್ದ ವೋಲ್ವೊ, ವಿನ್ಯಾಸಕಾರ ಪೀಟರ್ ಹಾರ್ಬರಿ ಅವರ ಮುಂದಾಳ್ತನದಲ್ಲಿ ಮೂಲೆಗಳನ್ನು ಉಜ್ಜಿ ನುಣುಪಾಗಿಸಿ ತಂದ ಕಾರು ಅದು. ಸಾದಾ ಮನೆತನದ ಸೊಗಸಿನ ಕೂಸು ಎಂಬ ಪಿ1800ರ ಸ್ಥಾನವೇ ಸಿ70ಗೂ ಇತ್ತು. ಕಂಪನಿಗೂ ಲಾಭವಿತ್ತು: ಕಾರು ಮಾರಾಟಕ್ಕೆ ಬರುವ ಹೊತ್ತಿಗೇ ಚಿತ್ರವೂ ಬಂತು. ಇಂಥ ಹೊಂದಾಣಿಕೆಯನ್ನು ಬರೀ ಜಾಹೀರಾತು ಎಂದು ತಳ್ಳಿಹಾಕುವುದು ಸರಿಯಲ್ಲ. 1962ರಲ್ಲೂ ಕಾರು ಬಂದದ್ದು ಇದೇ ಬಾಗಿಲಿನಿಂದ.

ಹಾಗಾಗಿ ಹೊಸ ಕಾರು ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವುದು ಹಳೆಯದರಂತೆ ಕಾಣುತ್ತದೆ ಎಂದಲ್ಲ, ಈ ಮನುಷ್ಯ ಈ ಗಾಡಿಯಲ್ಲಿ ಯಾಕೆ ಕೂತಿದ್ದ ಎಂದು.

ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಚಿತ್ರ ‘ದಿ ಸ್ವೀನಿ’. ಲಂಡನ್ ಪೊಲೀಸರ ಫ್ಲೈಯಿಂಗ್ ಸ್ಕ್ವಾಡ್ ಕುರಿತ ಮೂಲ ಧಾರಾವಾಹಿ 1975ರಿಂದ 1978ರವರೆಗೆ ಬಂತು. ಅದರ ಪೊಲೀಸರು ಓಡಿಸಿದ್ದು ಫೋರ್ಡ್ ಕಾನ್ಸಲ್ ಮತ್ತು ಗ್ರನಾಡಾ. ಕಳ್ಳರು ಬಹಳ ಸಲ ತಪ್ಪಿಸಿಕೊಂಡು ಓಡುತ್ತಿದ್ದದ್ದು ಜಾಗ್ವಾರ್‌ಗಳಲ್ಲಿ. ಇಲಾಖೆಯ ದುಡ್ಡಿನಲ್ಲಿ ಬರುವ ಕಾರಿಗೂ ಕದ್ದ ದುಡ್ಡಿನ ಕಾರಿಗೂ ಇರುವ ಅಂತರ ಒಂದು ಮಾತೂ ಇಲ್ಲದೆ ತಿಳಿಯುತ್ತಿತ್ತು. 2012ರಲ್ಲಿ ನಿಕ್ ಲವ್ ಇದನ್ನು ಸಿನಿಮಾ ಮಾಡಿದಾಗ ರೇ ವಿನ್‌ಸ್ಟೋನ್ ತಂಡಕ್ಕೆ ಫೋರ್ಡ್ ಫೋಕಸ್ ಎಸ್‌ಟಿ ಸಿಕ್ಕಿತು. ಅದು ಮುಂದೆ ಹೋಗುತ್ತಿದ್ದ ಜಾಗ್ವಾರ್ ಎಕ್ಸ್‌ಎಫ್‌ಆರ್ ಅನ್ನು ಅಟ್ಟಿಸಿಕೊಂಡು ಹೋಯಿತು. ಮಾದರಿ ಹೊಸದು, ಲೆಕ್ಕಾಚಾರ ಹಳೆಯದೇ.

ಆದರೆ ಒಂದು ತೊಡಕು ನೋಡಿ. ಗ್ರನಾಡಾದಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದದ್ದು ಹಿಂದಿನ ಚಕ್ರಗಳಿಗೆ. ತಿರುವಿನಲ್ಲಿ ಒಮ್ಮೆ ಆಕ್ಸಲರೇಟರ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತಿತ್ತು. ಚಾಲಕ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಅದನ್ನು ಹಿಡಿದಿಡುತ್ತಿದ್ದ. ಎಪ್ಪತ್ತರ ದಶಕದ ಬೆನ್ನಟ್ಟುವಿಕೆಗಳ ಸೊಗಸೆಲ್ಲ ಆ ಜಾರುವಿಕೆಯಲ್ಲಿದೆ. ಫೋಕಸ್‌ನಲ್ಲಿ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಅದೇ ತಿರುವಿನಲ್ಲಿ ಅದೇ ರೀತಿ ಒತ್ತಿದರೆ ಮೂತಿ ಹೊರಕ್ಕೆ ಎಳೆಯುತ್ತದೆಯೇ ಹೊರತು ಹಿಂಭಾಗ ಅಲುಗುವುದಿಲ್ಲ. ಅಲುಗಿದರೂ ಇಂದಿನ ಕಾರಿನ ಕಂಪ್ಯೂಟರ್ ತಾನೇ ಬ್ರೇಕ್ ಹಾಕಿ ನೇರ ಮಾಡುತ್ತದೆ. ಸಾಹಸ ದೃಶ್ಯಕ್ಕೆ ಮೊದಲು ಮೆಕ್ಯಾನಿಕ್‌ಗಳು ಆ ವ್ಯವಸ್ಥೆಯನ್ನು ಬಂದ್ ಮಾಡಬೇಕು. ಗುಂಡಿ ಒತ್ತಿ ಹಾಕುವ ಪಾರ್ಕಿಂಗ್ ಬ್ರೇಕ್ ಇದ್ದರೆ ಕೈಯಲ್ಲಿ ಸೆಳೆದು ಹಿಂಚಕ್ರ ಕಟ್ಟುವಂಥ ಹ್ಯಾಂಡ್‌ಬ್ರೇಕ್ ಬೇರೆ ಜೋಡಿಸಬೇಕು. ಸುರಕ್ಷತೆಗಾಗಿ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಸೇರಿಸಿದ್ದನ್ನು ಸಿನಿಮಾದವರು ಒಂದೊಂದಾಗಿ ಕಳಚಿದ ಮೇಲೆಯೇ ಹೊಸ ಕಾರು ಹಳೆಯದರಂತೆ ಕುಣಿಯುವುದು.

‘ಮಯಾಮಿ ವೈಸ್’ ಕಥೆ ಇನ್ನೂ ಸ್ವಾರಸ್ಯದ್ದು. 1984ರಲ್ಲಿ ಶುರುವಾದ ಧಾರಾವಾಹಿಯಲ್ಲಿ ಮಿಂಚುತ್ತಿದ್ದ ಕಪ್ಪು ಫೆರಾರಿ ಡೇಟೋನಾ ಅಸಲಿಗೆ ಫೆರಾರಿಯೇ ಅಲ್ಲ, ಶೆವ್ರೊಲೆ ಕಾರ್ವೆಟ್ ಚಾಸಿ ಮೇಲೆ ಕಟ್ಟಿದ ನಕಲು. ನಕಲು ತಯಾರಕರ ವಿರುದ್ಧ ಫೆರಾರಿ ನ್ಯಾಯಾಲಯದ ಮೆಟ್ಟಿಲೇರಿತು. 1986ರಲ್ಲಿ ಧಾರಾವಾಹಿಯವರು ಆ ಕಾರನ್ನು ಕಥೆಯೊಳಗೇ ಕ್ಷಿಪಣಿಯಿಂದ ಸಿಡಿಸಿಬಿಟ್ಟರು. ಬದಲಿಗೆ ಫೆರಾರಿ ಎರಡು ನಿಜವಾದ ಟೆಸ್ಟಾರೋಸಾಗಳನ್ನು ಕೊಟ್ಟಿತು. ಬಂದಾಗ ಅವು ಕಪ್ಪು. ರಾತ್ರಿಯ ಚಿತ್ರೀಕರಣದಲ್ಲಿ ಕಪ್ಪು ಕತ್ತಲಲ್ಲಿ ಕರಗಿಹೋಗುತ್ತದೆಂದು ಬಿಳಿ ಬಣ್ಣ ಬಳಿಸಲಾಯಿತು. ಜಗತ್ತಿನ ನೆನಪಿನಲ್ಲಿ ಉಳಿದ ಆ ಬಿಳುಪು ಕ್ಯಾಮೆರಾದ ಅಗತ್ಯದಿಂದ ಹುಟ್ಟಿದ್ದು.

ಧಾರಾವಾಹಿಯ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದ ಮೈಕೆಲ್ ಮನ್ ಅವರೇ 2006ರಲ್ಲಿ ಸಿನಿಮಾ ನಿರ್ದೇಶಿಸಿದಾಗ ಬಿಳಿಯ ಮೋಹಕ್ಕೆ ಬೀಳಲಿಲ್ಲ. ಡಿಜಿಟಲ್ ಕ್ಯಾಮೆರಾಗಳು ಇರುಳಿನ ಆಕಾಶವನ್ನೂ ಹಿಡಿಯಬಲ್ಲವಾಗಿದ್ದವು. ಕಾಲಿನ್ ಫ್ಯಾರೆಲ್ ಮತ್ತು ಜೇಮಿ ಫಾಕ್ಸ್ ಕೂತದ್ದು ಬೂದು ಬಣ್ಣದ ಎಫ್430 ಸ್ಪೈಡರ್‌ನಲ್ಲಿ. ಮಾದಕವಸ್ತು ಸಾಗಣೆದಾರರ ವೇಷದ ಪೊಲೀಸರಿಗೆ ದುಬಾರಿ ಕಾರು ವೇಷದ ಭಾಗ. ಆದ್ದರಿಂದ ಫೆರಾರಿ ಉಳಿಯಿತು, ಬಣ್ಣ ಹೋಯಿತು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದು ಇಷ್ಟು ಸ್ಪಷ್ಟವಾಗಿ ಗೊತ್ತಿದ್ದವರು ಅಪರೂಪ.

ಕೆಲವೊಮ್ಮೆ ಆಯ್ಕೆಯ ಅವಕಾಶವೇ ಇರುವುದಿಲ್ಲ. ಮಾತಾಡುವ ಕಾರಿನ ‘ನೈಟ್ ರೈಡರ್’ 2008ರಲ್ಲಿ ಟಿವಿ ಚಿತ್ರವಾಗಿ ಮರಳಿದಾಗ ಮೂಲದ ಪಾಂಟಿಯಾಕ್ ಟ್ರಾನ್ಸ್ ಆಮ್ ತಯಾರಿಕೆ ನಿಂತು ಆರು ವರ್ಷವಾಗಿತ್ತು. ಆ ಜಾಗಕ್ಕೆ ಬಂದದ್ದು ಫೋರ್ಡ್ ಮಸ್ಟಾಂಗ್ ಶೆಲ್ಬಿ. ‘ಸ್ಟಾರ್ಸ್ಕಿ ಅಂಡ್ ಹಚ್’ ಸಿನಿಮಾ ತಂಡವಾದರೋ 2004ರಲ್ಲಿ ಕಥೆಯನ್ನೇ ಎಪ್ಪತ್ತರ ದಶಕದಲ್ಲಿಟ್ಟು, ಬಿಳಿ ಪಟ್ಟೆಯ ಕೆಂಪು ಗ್ರಾನ್ ಟೊರಿನೊವನ್ನು ಉಳಿಸಿಕೊಂಡಿತು. ಅದೂ ಒಂದು ಪ್ರಾಮಾಣಿಕ ಉತ್ತರವೇ.

ಮತ್ತೆ ಆ ಸಿ70 ಕಡೆಗೆ ಹೋಗೋಣ. ವಾಲ್ ಕಿಲ್ಮರ್ ಚಿತ್ರದ ಕೊನೆಯಲ್ಲಿ ಟೆಂಪ್ಲರ್ ತನ್ನ ವೋಲ್ವೊದಲ್ಲಿ ಕೂತಿರುತ್ತಾನೆ, ಕಾರಿನ ರೇಡಿಯೊದಲ್ಲಿ ಸುದ್ದಿ ಬರುತ್ತಿರುತ್ತದೆ. ಸುದ್ದಿ ಓದುವವರ ಮುಖ ಕಾಣುವುದಿಲ್ಲ. ದನಿ ಮಾತ್ರ ರೋಜರ್ ಮೂರ್ ಅವರದು.