ಹಂದಿಗೆ ಯಾವ ಗುಂಡು?

ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಚೆನ್ನೈನಿಂದ ಕಾಡುಹಂದಿಯ ಬಗ್ಗೆ ಒಂದು ತೀರ್ಮಾನ ಪ್ರಕಟಿಸಿತು. ಮೀಸಲು ಅರಣ್ಯದ ಅಂಚಿನಿಂದ 1 ಕಿ.ಮೀ. ವರೆಗೆ ಹಂದಿಯನ್ನು ಕೊಲ್ಲುವಂತಿಲ್ಲ. 1ರಿಂದ 3 ಕಿ.ಮೀ. ನಡುವೆ ಕಂಡರೆ ಹಿಡಿದು ಕಾಡಿಗೆ ಬಿಡಬೇಕು. ಅದರಾಚೆಗೂ ಬಂದು ಬೆಳೆ ತಿಂದರೆ ಅರಣ್ಯ ಇಲಾಖೆಯವರೇ ಗುಂಡು ಹಾರಿಸಬಹುದು. ಯಾರು, ಎಲ್ಲಿ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಹಂದಿಯ ಪಾಲಿಗೆ ಎಲ್ಲಕ್ಕಿಂತ ದೊಡ್ಡದು ಬೇರೆ ಪ್ರಶ್ನೆ: ಯಾವ ಗುಂಡು? ಬಿದ್ದಲ್ಲೇ ಸಾಯುವುದೋ, ಕರುಳು ಹರಿದುಕೊಂಡು ಎರಡು ದಿನ ಪೊದೆಯಲ್ಲಿ ನರಳುವುದೋ ಎಂಬುದು ಗುರಿಕಾರನ ಕೈಯಷ್ಟೇ ಗುಂಡಿನ ಮೇಲೂ ನಿಂತಿದೆ.

ಮಲೆನಾಡಿನ ಹಳಬರಿಗೆ ಇದು ಗೊತ್ತಿತ್ತು, ಏಕೆಂದರೆ ಈಡು ತುಂಬುವುದು ಅವರದೇ ಕೈಕೆಲಸ. ಕೇಪಿನ ಕೋವಿಯ ನಳಿಗೆಗೆ ಮದ್ದು ಸುರಿದು, ತೆಂಗಿನ ನಾರಿಟ್ಟು ಗಜದಿಂದ ಜಡಿದು, ಅದರ ಮೇಲೆ ಚರೆಯನ್ನೋ ಸೀಸದ ಗುಂಡನ್ನೋ ಇಳಿಸಿ, ಮತ್ತೆ ನಾರು ಜಡಿದು, ಕಡೆಗೆ ಕೇಪು ಕೂರಿಸಬೇಕು. ಹಕ್ಕಿಗೆ ಸಣ್ಣ ಚರೆ, ಹಂದಿಗೆ ಗುಂಡು ಎಂಬ ತೀರ್ಮಾನ ಈಡು ತುಂಬುವಾಗಲೇ ಆಗಿರುತ್ತಿತ್ತು. ತೋಟಾಕೋವಿ ಬಂದ ಮೇಲೆ ಆ ಕೆಲಸ ಕಾರ್ಖಾನೆಗೆ ಹೋಯಿತು. ಅಮೆರಿಕದಲ್ಲಿ ರೈಫಲ್‌ಗೂ ಕೈಯಲ್ಲೇ ತೋಟಾ ಕಟ್ಟುವವರು ಇಂದಿಗೂ ಹೇರಳ. ಹಾರಿಸಿ ಉಳಿದ ಹಿತ್ತಾಳೆ ಕೋಶವನ್ನು ಅಳತೆಗೆ ತಂದು, ಹೊಸ ಕೇಪು ಹಾಕಿ, ಮದ್ದನ್ನು ತೂಗಿ ಸುರಿದು, ತಮ್ಮ ಬಂದೂಕಿಗೂ ತಾವು ಹೊಡೆಯುವ ಪ್ರಾಣಿಗೂ ಹೊಂದುವ ಗುಂಡನ್ನು ಆರಿಸಿ ಕೂರಿಸುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅದು ಸರಿಯೇ. ಆದರೆ ಆರಿಸುವ ವಿವೇಕವನ್ನು ಯಾವ ಕಾಯ್ದೆಯೂ ನಿಷೇಧಿಸಿಲ್ಲ.

ಜಿಂಕೆಯದೂ ಹಂದಿಯದೂ ಒಂದೇ ಮೈಯಲ್ಲ. ಗಂಡು ಚುಕ್ಕೆಜಿಂಕೆ 70ರಿಂದ 90 ಕೆ.ಜಿ. ತೂಗಿದರೂ ತೆಳು ಚರ್ಮದ, ಹಗುರ ಎಲುಬಿನ ಪ್ರಾಣಿ. ಅದಕ್ಕೆ ಬೇಗ ಅರಳುವ ಮೆತ್ತನೆಯ ಗುಂಡು ಸಾಕು. ಬಲಿತ ಗಂಡು ಹಂದಿಯ ಹೆಗಲ ಮೇಲೆ ದಪ್ಪ, ಗಟ್ಟಿ ಚರ್ಮದ ಕವಚವಿರುತ್ತದೆ; ಗಂಡುಗಳು ಕೋರೆಯಿಂದ ಒಂದನ್ನೊಂದು ತಿವಿಯುವಾಗ ಕಾಯುವುದು ಅದೇ. ಜಿಂಕೆಗೆ ಆಗುವ ಗುಂಡು ಆ ಕವಚದಲ್ಲೇ ಚೂರಾದರೆ ಮೇಲುಗಾಯವಷ್ಟೇ ಆಗುತ್ತದೆ. ಹಂದಿ ರೊಚ್ಚಿಗೆದ್ದು ಓಡುತ್ತದೆ ಇಲ್ಲವೇ ತಿರುಗಿ ಬೀಳುತ್ತದೆ. ಅದಕ್ಕೆ ಬೇಕಾದದ್ದು ಭಾರದ, ಒಳಹೊಕ್ಕ ಮೇಲೆ ಅಣಬೆಯಂತೆ ಅರಳಿಯೂ ಚೂರಾಗದೆ ಎದೆಗೂಡು ದಾಟುವ ಗುಂಡು. ಇಂಥದೇ ಕಷ್ಟ ಅಮೆರಿಕದ ಜಾನ್ ನೋಸ್ಲರ್‌ಗೆ 1946ರಲ್ಲಿ ಕೆನಡಾದ ಮೂಸ್ ಬೇಟೆಯಲ್ಲಿ ಎದುರಾಯಿತು. ಗುಂಡುಗಳು ಮೇಲ್ಮೈಯಲ್ಲೇ ಒಡೆದವು. ನಡುವೆ ತಾಮ್ರದ ಗೋಡೆಯಿಟ್ಟು, ಮುಂದಿನ ಅರ್ಧ ಅರಳಿ ಹಿಂದಿನ ಅರ್ಧ ನುಗ್ಗುವಂತೆ ಆತ ಮಾಡಿದ ಗುಂಡು ಇಂದಿಗೂ ತಯಾರಾಗುತ್ತಿದೆ.

ಅರಳುವ ಗುಂಡಿನ ಕಥೆಗೆ ನಮ್ಮ ನೆಲದ ನಂಟೂ ಇದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತುದಿಯ ಸೀಸ ಬಯಲಾಗಿದ್ದ ಗುಂಡು ಮಾಡಿದರು. ಗಾಯ ಘೋರವಾಗುತ್ತದೆಂದು 1899ರ ಹೇಗ್ ಸಮ್ಮೇಳನ ಅಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬೇಟೆಯಲ್ಲಿ ಮಾತ್ರ ಅದೇ ಗುಣ ಕರುಣೆಯಾಗುತ್ತದೆ. ಪೂರ್ತಿ ಲೋಹದ ಹೊದಿಕೆಯ ಸೇನಾ ಗುಂಡು ಪ್ರಾಣಿಯ ಮೈಯಲ್ಲಿ ಸಣ್ಣ ತೂತು ಕೊರೆದು ಆಚೆ ಹೋಗಿಬಿಡುತ್ತದೆ; ಸಾವು ನಿಧಾನ, ಹಿಂದೆ ನಿಂತವರಿಗೂ ಅಪಾಯ.

ಮದರಾಸಿನ ಬಿಸಿಲೂ ತೋಟಾ ಆರಿಸುವ ಲೆಕ್ಕದಲ್ಲಿತ್ತು. ಇಂಗ್ಲೆಂಡಿನ ಚಳಿಯಲ್ಲಿ ತೂಗಿ ತುಂಬಿದ ಕಾರ್ಡೈಟ್ ಮದ್ದು ನಮ್ಮ ಬೇಸಿಗೆಯಲ್ಲಿ ಹೆಚ್ಚು ಒತ್ತಡ ಹುಟ್ಟಿಸಿ, ಖಾಲಿ ಕೋಶ ನಳಿಗೆಯಲ್ಲೇ ಕಚ್ಚಿಕೊಳ್ಳುವ ಭಯವಿತ್ತು. ಅದಕ್ಕಾಗಿ ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳು ಬರುತ್ತಿದ್ದವು. ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶುರುವಾದ ಕಾರ್ಡೈಟ್ ಕಾರ್ಖಾನೆ ಇಂದಿಗೂ ಇದೆ. ಮದರಾಸು ಪ್ರಾಂತ್ಯದ ಕಾಡುಗಳಲ್ಲಿ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ಹಿಡಿದು ತಿರುಗಿದ್ದು .405 ವಿಂಚೆಸ್ಟರ್, 300 ಗ್ರೇನ್, ಅಂದರೆ 19 ಗ್ರಾಂ ಮೀರಿದ ಗುಂಡು. ತೇಜಸ್ವಿಯವರ ಕನ್ನಡ ಅನುವಾದದಲ್ಲಿ ಆ್ಯಂಡರ್ಸನ್‌ನ ಬೇಟೆಯ ಕಥೆಗಳನ್ನು ಓದಿದವರಿಗೆ ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರಬಾರದೆಂಬ ಕಟ್ಟಳೆ ನೆನಪಿರುತ್ತದೆ. ನನಗೆ ಆ ಕಥೆಗಳಲ್ಲಿ ಸಾಹಸಕ್ಕಿಂತ ಆ ಕಟ್ಟಳೆಯೇ ದೊಡ್ಡದಾಗಿ ಕಾಣುತ್ತದೆ.

1972ರ ವನ್ಯಜೀವಿ ಕಾಯ್ದೆ ಶೋಕಿಯ ಬೇಟೆಯನ್ನು ನಿಲ್ಲಿಸಿತು. ಒಂದು ಕಾಲಕ್ಕೆ ಬೇಟೆಯ ಕಾಡಾಗಿದ್ದ ಗಿಂಡಿ ಈಗ ರಾಷ್ಟ್ರೀಯ ಉದ್ಯಾನ. ಚೆನ್ನೈ ನಗರದ ನಡುವೆಯೇ ಜಿಂಕೆ, ಕೃಷ್ಣಮೃಗ ಮೇಯುತ್ತವೆ. ಅದು ಹಾಗೆಯೇ ಇರಲಿ. ಬೆಳೆ ಉಳಿಸಲೆಂದು ಕೊಲ್ಲಲೇಬೇಕಾದ ಹಂದಿಯ ಮಾತು ಬೇರೆ. ಸರಿಯಾದ ದಾರಿ ಸಿಗದ ಕಡೆ ರೈತರು ಸಿಡಿಮದ್ದಿಗೆ ಕೈ ಹಾಕುತ್ತಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿ ಸಿಡಿದು, ಹೊಳೆಯಲ್ಲಿ ನಿಂತೇ ಪ್ರಾಣ ಬಿಟ್ಟ ಗಬ್ಬದ ಆನೆಯನ್ನು ದೇಶವೇ ಕಂಡಿತು. ಹಂದಿಗಿಟ್ಟ ಮದ್ದಿಗೆ ಹಂದಿ ಯಾವುದು, ಆನೆ ಯಾವುದು, ದನ ಯಾವುದು ಎಂದು ತಿಳಿಯದು.

ಹಾಗಾಗಿ ಗುಂಡು ಹಾರಿಸುವ ಆದೇಶ ಚೆನ್ನೈಯಿಂದ ಬರಲಿ, ಬೆಂಗಳೂರಿನಿಂದ ಬರಲಿ, ಗುಂಡಿನ ಬಗ್ಗೆಯೂ ಸ್ಪಷ್ಟವಾಗಿ ಬರೆದಿರಬೇಕು. ಬಲಿತ ಹಂದಿಗೆ ಚರೆ ಬೇಡ. ಸೇನೆಯ ಪೂರ್ಣ ಹೊದಿಕೆಯ ಗುಂಡೂ ಬೇಡ. ನಮ್ಮ ಸರ್ಕಾರಿ ಕಾರ್ಖಾನೆಗಳ .315 ತೋಟಾದಲ್ಲಿ 244 ಗ್ರೇನಿನ ಮೆತ್ತನೆಯ ತುದಿಯ ಗುಂಡೇ ಬರುತ್ತದೆ. ಹತ್ತಿರದಿಂದ, ಮುಂಗಾಲಿನ ಹಿಂದೆ ಹೃದಯ ಶ್ವಾಸಕೋಶಗಳಿಗೆ ಗುರಿಯಿಟ್ಟರೆ ಅದು ಸಾಕು. ಮೋಯಾರ್ ಕಣಿವೆಯಂಥ ರಣಹದ್ದಿನ ಸೀಮೆಯಲ್ಲಿ ಸೀಸದ ಬದಲು ತಾಮ್ರದ ಗುಂಡು ಬೇಕು. ಸತ್ತ ಪ್ರಾಣಿಯಲ್ಲಿ ಉಳಿದ ಸೀಸದ ಚೂರು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದುದರಿಂದಲೇ ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿದೆ. ಜೊತೆಗೆ, ಪೆಟ್ಟು ತಿಂದು ಓಡಿದ ಹಂದಿಯನ್ನು ರಕ್ತದ ಜಾಡು ಹಿಡಿದು ಹುಡುಕಿ ಮುಗಿಸುವ ಹೊಣೆ ಗುಂಡು ಹಾರಿಸಿದವರದೇ ಎಂದೂ ಆ ಆದೇಶದಲ್ಲಿ ಬರೆದಿರಬೇಕು.